ಎರಡಡಿ ಹಲಗೆಯ ಮೇಲೆ ಪೊಲ್ಲಿಲೂರು

ಆಟಿಕೆ ಸೈನಿಕರನ್ನು ಕೂಡಿಡುವುದು ಬೇರೆ, ಅವರನ್ನು ಒಂದು ಯುದ್ಧಭೂಮಿಯಲ್ಲಿ ನಿಲ್ಲಿಸುವುದು ಬೇರೆ. ಕೂಡಿಡಲು ಜೇಬಲ್ಲಿ ಸ್ವಲ್ಪ ದುಡ್ಡು, ಕಪಾಟಿನಲ್ಲಿ ಸ್ವಲ್ಪ ಜಾಗ ಇದ್ದರೆ ಸಾಕು. ನಿಲ್ಲಿಸಲು ಹೊರಟಾಗ ಲೆಕ್ಕ ಶುರುವಾಗುತ್ತದೆ. ಯಾವ ಯುದ್ಧ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮೂಲೆಯಲ್ಲಿ? ಇದಕ್ಕೆಲ್ಲ ಉತ್ತರ ಇಟ್ಟುಕೊಳ್ಳದೆ ಅಂಟು ಹಚ್ಚುವ ಹಾಗಿಲ್ಲ.

ಮೈಸೂರಿನವರಿಗೆ ಈ ಹುಚ್ಚು ತೀರಾ ಹೊಸದೇನಲ್ಲ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಜಂಬೂಸವಾರಿಯ ಸಾಲು ಇದ್ದೇ ಇರುತ್ತದೆ. ಆನೆ, ಕುದುರೆ, ಬ್ಯಾಂಡಿನವರು, ಕೋಲು ಹಿಡಿದ ಸಿಪಾಯಿಗಳು. ನಾನು ಮೊದಲು ನೋಡಿದ ಡಯೋರಾಮಾ, ಅಂದರೆ ಗೊಂಬೆಗಳಿಂದ ಕಟ್ಟಿದ ಪುಟ್ಟ ದೃಶ್ಯ, ಅದೇ ಅನ್ನಬೇಕು. ನನ್ನ ಕೆಲಸದ ಮೇಜು ನೋಡಿ ನಮ್ಮತ್ತೆ ಈಗಲೂ ಕೇಳುತ್ತಾರೆ, "ಇವನ್ನ ನವರಾತ್ರಿಗೆ ಕೂರಿಸ್ತೀಯೇನೋ?" ಅಂತ.

ಸಂಗ್ರಹಕಾರರಲ್ಲಿ ಹಳಬರು ಸೀಸದ ಸೈನಿಕರ ಹಿಂದೆ ಬೀಳುತ್ತಾರೆ. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾಗಿರುವ ಸೀಸದ ಗೊಂಬೆ ಎರಕ ಹೊಯ್ಯಲು ಶುರುಮಾಡಿತು. ಎತ್ತರ 54 ಮಿಲಿಮೀಟರ್. ಸೀಸ ಮಕ್ಕಳಿಗೆ ಅಪಾಯ ಎಂದು 1966ರಲ್ಲಿ ಅದು ನಿಂತಿತು. ಅವು ಈಗ ದುಬಾರಿ. ತೇವದ ಜಾಗದಲ್ಲಿ, ಗಾಳಿಯಾಡದ ಮರದ ಪೆಟ್ಟಿಗೆಯಲ್ಲಿ ಇಟ್ಟರೆ ಸೀಸ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ನನಗೆ ಆ ತಲೆನೋವು ಬೇಡ. ನನ್ನದೆಲ್ಲ 1/72 ಅಳತೆಯ ಪ್ಲಾಸ್ಟಿಕ್, ನಿಂತ ಮನುಷ್ಯ ಸುಮಾರು 24 ಮಿಲಿಮೀಟರ್. ಏರ್‌ಫಿಕ್ಸ್, ಇಟಾಲೆರಿ, ಜ್ವೆಜ್ಡಾ, ಹ್ಯಾಟ್ ಡಬ್ಬಿಗಳಲ್ಲಿ ನಲವತ್ತೋ ಐವತ್ತೋ ಸೈನಿಕರು ಒಟ್ಟಿಗೇ ಸಿಗುತ್ತಾರೆ. ನೆಪೋಲಿಯನ್ ಕಾಲದವರು ಬೇಕಾದಷ್ಟು. ಹೈದರನ ಸೈನಿಕರು ಬೇಕೆಂದರೆ ನಾವೇ ಮಾಡಿಕೊಳ್ಳಬೇಕು.

ಪೊಲ್ಲಿಲೂರು ಕದನ ನಡೆದದ್ದು 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರ. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿ ಉತ್ತರದಿಂದ ಬಂದು ಕಾಂಚಿಯಲ್ಲಿದ್ದ ಜನರಲ್ ಹೆಕ್ಟರ್ ಮನ್ರೋನನ್ನು ಸೇರಿಕೊಳ್ಳಬೇಕಿತ್ತು. ಹೈದರ್ ಮತ್ತು ಟಿಪ್ಪು ದಾರಿಯಲ್ಲೇ ಮುತ್ತಿದರು. ನಾಲ್ಕು ಸಾವಿರದ ಹತ್ತಿರದ ಆ ಪಡೆ ಸಂಪೂರ್ಣ ಸೋತಿತು. ಶ್ರೀರಂಗಪಟ್ಟಣದಲ್ಲಿ ಬೈಲಿ ಬಂದೀಖಾನೆ ನೋಡಿದವರಿಗೆ ಆ ಹೆಸರು ಗೊತ್ತು. ಅಂದು ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಕೂಡ ಇದ್ದ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯೊಳಗೆ ನುಗ್ಗಿದ ಪಡೆಯ ಮುಂದಾಳು ಅವನೇ.

ಈ ಕದನವನ್ನೇ ಆರಿಸಿಕೊಳ್ಳಲು ಕಾರಣ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ. ಅದರ ಪಶ್ಚಿಮದ ಗೋಡೆ ತುಂಬ ಇದೇ ಯುದ್ಧ. ಕೆಂಪು ಕೋಟಿನವರು ಚೌಕ ಕಟ್ಟಿ ನಿಂತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಬೈಲಿ, ಪಕ್ಕದಲ್ಲಿ ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತ ಕುದುರೆಗಳ ಪ್ರವಾಹ. ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಆದರೆ ಡಯೋರಾಮಾ ಮಾಡುವವನಿಗೆ ಆ ಗೋಡೆ ಒಳ್ಳೆಯ ಗುರುವಲ್ಲ. ಬೆಳಗಿನಿಂದ ಕೊನೆವರೆಗೆ ನಡೆದದ್ದನ್ನೆಲ್ಲ ಒಟ್ಟಿಗೇ ಬರೆದಿದ್ದಾರೆ. ದೂರ ಹತ್ತಿರ ಎಂಬ ಲೆಕ್ಕವಿಲ್ಲ, ಒಬ್ಬರ ತಲೆಯ ಮೇಲೆ ಇನ್ನೊಬ್ಬರ ಸಾಲು. ಸಾಲದ್ದಕ್ಕೆ ಆ ಚಿತ್ರದ ಮೇಲೆ ಮತ್ತೆ ಮತ್ತೆ ಬಣ್ಣ ಬಿದ್ದಿದೆ. ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ, 1855ರ ಹೊತ್ತಿಗೂ ಒಮ್ಮೆ ತಿದ್ದಿ ಬರೆಸಿದರು. ಹಾಗಾಗಿ ಈ ಗುಂಡಿಗೆ ಈ ಬಣ್ಣ, ಈ ಪೇಟಕ್ಕೆ ಈ ಅಂಚು ಅಂತ ಅದನ್ನು ನಂಬಿ ಕೂರುವ ಹಾಗಿಲ್ಲ. ಒಟ್ಟು ಉರುಬು ಹೇಗಿತ್ತು ಅನ್ನುವುದಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಹಲಗೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಇದನ್ನು 72ರಿಂದ ಗುಣಿಸಿ ನೋಡಿ. 44 ಮೀಟರ್ ಉದ್ದ, 33 ಮೀಟರ್ ಅಗಲ. ಒಂದು ಕಲ್ಯಾಣ ಮಂಟಪ, ಅದರ ಪಾರ್ಕಿಂಗ್ ಸೇರಿದರೆ ಮುಗಿಯಿತು. ಆ ಕಾಲದ ಬಂದೂಕಿನ ಗುಂಡು ಸುಮಾರಾಗಿ ಗುರಿ ಮುಟ್ಟುತ್ತಿದ್ದದ್ದು 80, 90 ಮೀಟರ್ ದೂರಕ್ಕೆ. ಅಂದರೆ ಬೈಲಿಯ ಸಿಪಾಯಿಯನ್ನು ಹಲಗೆಯ ಮೇಲೆ ನಿಲ್ಲಿಸಿದರೆ ಅವನು ಗುಂಡು ಹಾರಿಸುತ್ತಿರುವ ಎದುರಾಳಿ ಮೇಜಿನ ಆಚೆ, ಗಾಳಿಯಲ್ಲಿ ನಿಂತಿರಬೇಕು. ಹೈದರನ ಫಿರಂಗಿಗಳು ಪಕ್ಕದ ಮನೆಯಲ್ಲಿ. ಹೆಚ್ಚಿನವರು ಇಲ್ಲಿ ಕಣ್ಣುಮುಚ್ಚಿಕೊಂಡು ಎರಡೂ ಸೈನ್ಯವನ್ನು ಗೇಣು ದೂರದಲ್ಲಿ ನಿಲ್ಲಿಸಿ, ಒಬ್ಬರ ಮೂಗಿಗೆ ಇನ್ನೊಬ್ಬರ ಬಂದೂಕು ಹಿಡಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಅದಕ್ಕೇ ಎರಡೂ ಕಡೆಯವರು ನಿಜವಾಗಿಯೂ ಕೈಗೆ ಕೈ ಬಂದ ಗಳಿಗೆಯನ್ನು ಹುಡುಕಿದೆ. ಮದ್ದಿನ ಬಂಡಿಗಳು ಸಿಡಿದಿವೆ, ತೋಟಾ ಮುಗಿಯುತ್ತಿದೆ, ಚೌಕದ ಒಂದು ಮೂಲೆಗೆ ಕುದುರೆಗಳು ನುಗ್ಗುತ್ತಿವೆ. ಆ ಮೂಲೆ ಅಷ್ಟೇ ನನ್ನ ಹಲಗೆ.

ನೆಲದ ಬಣ್ಣಕ್ಕೆ ನಾನು ಯುದ್ಧಕ್ಕಿಂತ ಮಳೆಯನ್ನು ಜಾಸ್ತಿ ಓದಿದೆ. ತಮಿಳುನಾಡು ಅಂದ ಕೂಡಲೇ ಒಣಗಿದ ಕೆಂಧೂಳು ಹರಡುವ ಆಸೆಯಾಗುತ್ತದೆ. ಆದರೆ ಬೈಲಿ ತಡವಾದದ್ದೇ ಕೊಸಸ್ತಲೈ ಹೊಳೆ ರಾತ್ರೋರಾತ್ರಿ ತುಂಬಿ ಬಂದು ದಾಟಲಾಗದೆ ಹೋದದ್ದರಿಂದ. ಅಂಥ ಮಳೆ ಬಿದ್ದ ಮೇಲೆ ಹುಲ್ಲು ಚಿಗುರಿರುತ್ತದೆ, ತಗ್ಗಿನಲ್ಲಿ ನೀರು ನಿಂತಿರುತ್ತದೆ, ಬಂಡಿಯ ಗಾಲಿ ಜಾಡು ಬಿಟ್ಟಿರುತ್ತದೆ. ಥರ್ಮೋಕೋಲ್ ಹಾಳೆಯ ಮೇಲೆ ಮರದ ಪುಡಿ, ಫೆವಿಕಾಲ್, ಸೋಸಿದ ಮಣ್ಣು ಕಲಸಿ ಬಳಿದೆ. ಹಸಿ ಇರುವಾಗಲೇ ಹಳೆ ಗಡಿಯಾರದ ಹಲ್ಲುಚಕ್ರ ಉರುಳಿಸಿ ಜಾಡು ಮೂಡಿಸಿದೆ. ಕೊನೆಗೆ ಜಾಡಿನೊಳಗೆ ಮಾತ್ರ ಹೊಳಪಿನ ವಾರ್ನಿಶ್. ಹಿಂದೆ ನಾಲ್ಕು ತಾಳೆಮರ. ಊದುಬತ್ತಿ ಕಡ್ಡಿಗೆ ದಾರ ಸುತ್ತಿ ಕಾಂಡ, ಕಾಗದ ಕತ್ತರಿಸಿ ಬೀಸಣಿಗೆಯಂತೆ ಮಡಚಿ ಗರಿ. ಮರ ಮನುಷ್ಯನ ಎಂಟು ಪಾಲು ಎತ್ತರ ಇರಲಿ. ಗಿಡ್ಡ ಮರ ಇಟ್ಟರೆ ಇಡೀ ದೃಶ್ಯ ಅಕ್ವೇರಿಯಂ ಥರ ಕಾಣುತ್ತದೆ.

ಸೈನಿಕರ ವಿಷಯಕ್ಕೆ ಬರೋಣ. 1780 ಅಂದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ ಕಾಲ. ಆ ಯುದ್ಧದ ಬ್ರಿಟಿಷ್ ಪದಾತಿಗಳ ಡಬ್ಬಿ ಸುಲಭವಾಗಿ ಸಿಗುತ್ತದೆ. ಕೋಟು, ಪಟ್ಟಿ, ಬಂದೂಕು ಎಲ್ಲ ಹೊಂದುತ್ತದೆ. ಮೂರು ಮೂಲೆಯ ಟೋಪಿ ಕೆತ್ತಿ ತೆಗೆದು ದುಂಡು ಟೋಪಿ ಮಾಡಿದರೆ ಇಂಡಿಯಾದಲ್ಲಿದ್ದ ಯುರೋಪಿಯನ್ ಸೈನಿಕ ಸಿದ್ಧ. ಆದರೆ ಅವರು ಬೈಲಿಯ ಪಡೆಯಲ್ಲಿ ಕೆಲವೇ ನೂರು ಮಂದಿ. ಉಳಿದವರೆಲ್ಲ ಕಂಪನಿಯ ದೇಸಿ ಸಿಪಾಯಿಗಳು. ಮೇಲೆ ಕೆಂಪು ಕೋಟು, ಕೆಳಗೆ ತೊಡೆಯ ಅರ್ಧಕ್ಕೆ ಬರುವ ಬಿಳಿ ಚಡ್ಡಿ, ಅದರ ಅಂಚಿಗೆ ಗರಗಸದ ಹಲ್ಲಿನಂಥ ನೀಲಿ ಗೆರೆ, ಬರಿಗಾಲು. ಆ ನೀಲಿ ಗೆರೆಯನ್ನು ಎರಡು ಮಿಲಿಮೀಟರ್ ಜಾಗದಲ್ಲಿ ಬರೆಯುವಾಗ ಉಸಿರು ಹಿಡಿಯಬೇಕು. ಮೊದಲು ಇಡೀ ಅಂಚಿಗೆ ನೀಲಿ ಹಚ್ಚಿ, ಒಣಗಿದ ಮೇಲೆ ಬಿಳಿಯಿಂದ ಹಲ್ಲುಗಳ ಸಂದು ಕೊರೆದರೆ ಕೈ ನಡುಗಿದರೂ ತೊಂದರೆಯಿಲ್ಲ.

ಪೇಟಕ್ಕೆ ಎಂ-ಸೀಲ್. ನಲ್ಲಿ ಸೋರಿದರೆ ಮೆತ್ತುತ್ತೇವಲ್ಲ, ಅದೇ. ಎರಡು ಮುದ್ದೆ ಕಲಸಿದ ಮೇಲೆ ಹತ್ತು ನಿಮಿಷ ಬಿಟ್ಟರೆ ಅಂಟು ಕಡಿಮೆಯಾಗಿ ಎಳೆಯಾಗಿ ಹೊಸೆಯಲು ಬರುತ್ತದೆ. ಬೆರಳಿಗೆ ನೀರು ಮುಟ್ಟಿಸಿಕೊಂಡು ಶಾವಿಗೆಯಷ್ಟು ಸಣ್ಣಗೆ ಹೊಸೆದು, ಬೋಳು ಮಾಡಿದ ತಲೆಗೆ ಸುತ್ತಿ, ಸೂಜಿಯಿಂದ ನೆರಿಗೆ ಎಳೆಯುವುದು. ಗಟ್ಟಿಯಾಗುವಷ್ಟರಲ್ಲಿ ಐದಾರು ತಲೆ ಮುಗಿಯುತ್ತದೆ, ಅದಕ್ಕೇ ಒಮ್ಮೆಗೆ ಸ್ವಲ್ಪವೇ ಕಲಸಬೇಕು.

ಈ ಮೆತ್ತನೆ ಪ್ಲಾಸ್ಟಿಕ್ಕಿಗೆ ಬಣ್ಣ ನಿಲ್ಲುವುದಿಲ್ಲ ಅಂತ ಎಲ್ಲರ ದೂರು. ಅಚ್ಚಿನಿಂದ ತೆಗೆಯುವಾಗ ಹಚ್ಚಿದ ಎಣ್ಣೆ ಅದರ ಮೇಲೆ ಉಳಿದಿರುತ್ತದೆ. ಪಾತ್ರೆ ಸೋಪಿನ ಬಿಸಿನೀರಲ್ಲಿ ಹಳೆ ಟೂತ್‌ಬ್ರಶ್ಶಿನಿಂದ ಉಜ್ಜಿ, ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ಒಂದು ತೆಳು ಪದರ ಕೊಡಿ. ಆಮೇಲೆ ಅಕ್ರಿಲಿಕ್. ಎಲ್ಲಾ ಮುಗಿದ ಮೇಲೆ ಮ್ಯಾಟ್ ವಾರ್ನಿಶ್. ಬಾಯೊನೆಟ್ ಬಗ್ಗಿದರೂ ಬಣ್ಣ ಬಿರಿಯುವುದಿಲ್ಲ.

ಸಾಲಿನಲ್ಲಿ ನಿಂತ ಸೈನಿಕನಿಗೆ ಅರವತ್ತು ಸೆಂಟಿಮೀಟರಿಗಿಂತ ಹೆಚ್ಚು ಜಾಗ ಇರುತ್ತಿರಲಿಲ್ಲ, ಭುಜಕ್ಕೆ ಭುಜ. ನಮ್ಮ ಅಳತೆಯಲ್ಲಿ ಎಂಟು ಮಿಲಿಮೀಟರ್. ಪ್ಲಾಸ್ಟಿಕ್ ಸೈನಿಕನ ಕಾಲಡಿಯ ತಟ್ಟೆಯೇ ಅದಕ್ಕಿಂತ ಅಗಲ. ತಟ್ಟೆ ಕತ್ತರಿಸಿ, ಕಾಲಿಗೆ ಕೈ ಡ್ರಿಲ್ಲಿನಿಂದ ತೂತು ಕೊರೆದು, ಗುಂಡುಸೂಜಿ ತುಂಡು ಸೇರಿಸಿ ನೆಲಕ್ಕೆ ಚುಚ್ಚುತ್ತೇನೆ. ಬೇಜಾರಿನ ಕೆಲಸ. ಆದರೆ ಆ ಒತ್ತೊತ್ತಾದ ಸಾಲು ಬಂದ ಮೇಲೆಯೇ ಅದು ಸೈನ್ಯ ಅನ್ನಿಸುವುದು. ನಡುನಡುವೆ ಸಾಲು ಒಡೆದ ಜಾಗ ಎದ್ದು ಕಾಣುವುದೂ ಆಗಲೇ.

ಮೈಸೂರಿನ ಕಡೆಯ ಸವಾರರು ಸುಲಭ. ಸಿಲ್ಲೇದಾರರು ತಮ್ಮ ಕುದುರೆ ತಾವೇ ತಂದವರು, ಬಟ್ಟೆಯೂ ಅವರವರ ಇಷ್ಟ. ಒಬ್ಬನಂತೆ ಇನ್ನೊಬ್ಬನಿಲ್ಲ. ಹುಲಿಪಟ್ಟೆ ಅಂಗಿ ಯಾಕೆ ಹಾಕಲಿಲ್ಲ ಅಂತ ಕೇಳುವವರಿದ್ದಾರೆ. ನೇರಳೆ ಬಟ್ಟೆಯ ಮೇಲೆ ಬಿಳಿ ಚುಕ್ಕೆಯ ಆ ಹುಲಿ ಅಂಗಿಯನ್ನು ಇಂಗ್ಲಿಷರು ಬರೆದಿಟ್ಟಿರುವುದು 1790ರ ದಶಕದಲ್ಲಿ, ಟಿಪ್ಪುವಿನ ಪದಾತಿಗಳ ಮೇಲೆ ನೋಡಿ. 1780ರ ಹೈದರನ ಸವಾರನಿಗೆ ಅದನ್ನು ತೊಡಿಸಲು ನನಗೆ ಮನಸ್ಸಾಗಲಿಲ್ಲ.

ನನಗೆ ಅತಿ ಖುಷಿ ಕೊಟ್ಟದ್ದು ಎತ್ತುಗಳು. ಎರಡೂ ಸೈನ್ಯದ ಫಿರಂಗಿ ಎಳೆಯುತ್ತಿದ್ದದ್ದು ಎತ್ತುಗಳೇ. ಮೈಸೂರಿನ ಅರಸರ ಬೆಣ್ಣೆ ಚಾವಡಿ ದನಗಳನ್ನು ಹೈದರ್ ಸೈನ್ಯಕ್ಕೆ ಬಳಸಿಕೊಂಡ, ಟಿಪ್ಪು ಅವಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಅಂಗಡಿಯಲ್ಲಿ ಸಿಗುವ ಸಣ್ಣ ಎತ್ತು ಯುರೋಪಿನದು, ಹಿಣಿಲೇ ಇರುವುದಿಲ್ಲ! ಎಂ-ಸೀಲಿನಿಂದ ಹಿಣಿಲು ಕೂರಿಸಿ, ಗಂಗೆದೊಗಲು ಇಳಿಬಿಟ್ಟು, ಕೊಂಬು ಕತ್ತರಿಸಿ ತೆಗೆದು ತೆಳು ತಂತಿಯದ್ದು ಹಾಕಿದೆ. ಅಮೃತಮಹಲ್ ಕೊಂಬು ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇಳುತ್ತದೆ, ತುದಿ ಚೂಪು. ಸಿಡಿದ ಬಂಡಿಯ ಪಕ್ಕ ಒಂದು ಜೋಡಿ ನೊಗ ಕಿತ್ತುಕೊಂಡು ಓಡುತ್ತಿದೆ. ಅದು ಕಂಪನಿಯ ಎತ್ತು, ಅಮೃತಮಹಲ್ ಅಲ್ಲ. ಆದ್ದರಿಂದ ಅದರ ಕೊಂಬು ಗಿಡ್ಡ, ಬಣ್ಣ ಬಿಳಿ. ಮೈಸೂರಿನ ಜೋಡಿ ಹಲಗೆಯ ಅಂಚಿನಲ್ಲಿ ಬೂದು ಬಣ್ಣದಲ್ಲಿದೆ. ಹಳ್ಳಿಯಿಂದ ಬಂದವರು ಮೊದಲು ಗುರುತಿಸುವುದು ಅವನ್ನೇ.

ಸ್ಫೋಟಕ್ಕೆ ಹತ್ತಿ. ಸಿನಿಮಾ ನೋಡಿ ನೋಡಿ ನಮಗೆ ಸ್ಫೋಟ ಅಂದರೆ ಕಪ್ಪು ಹೊಗೆ. ಅದು ಪೆಟ್ರೋಲಿನದು. ಕರಿಮದ್ದಿನ ಹೊಗೆ ದಟ್ಟ ಬಿಳಿ, ಬುಡದಲ್ಲಿ ಸ್ವಲ್ಪ ಬೂದು. ತಂತಿಗೆ ಹತ್ತಿ ಸುತ್ತಿ, ಬಿಡಿಸಿ, ಹೇರ್ ಸ್ಪ್ರೇ ಹೊಡೆದು ನಿಲ್ಲಿಸಿದೆ. ಒಳಗೆ ದೀಪಾವಳಿಗೆ ತಂದ ಮಿನುಗುವ ಎಲ್‌ಇಡಿ ದೀಪ. ಹಗಲಲ್ಲಿ ಹಾಕಿದರೆ ಸುಮ್ನೆ ವೇಸ್ಟು, ಸಂಜೆ ಚೆನ್ನಾಗಿರುತ್ತದೆ.

ನೋಡಲು ಬಂದವರೆಲ್ಲ ಕೇಳುವುದು ಒಂದೇ. "ಟಿಪ್ಪು ಎಲ್ಲಿ?" ಅಳತೆ ಪ್ರಕಾರ ಅವನು ನಮ್ಮ ಅಡುಗೆಮನೆಯಲ್ಲಿರಬೇಕು, ಹೈದರ್ ಮೆಟ್ಟಿಲ ಹತ್ತಿರ. ಮಕ್ಕಳು ಇದನ್ನು ನಿಜ ಅಂದುಕೊಂಡು ಹೋಗಿ ಹುಡುಕುತ್ತಾರೆ.

ರಾಕೆಟ್ಟಿನದೂ ಇದೇ ಸಮಸ್ಯೆ. ಕಬ್ಬಿಣದ ಕೊಳವೆಯಾದ್ದರಿಂದ ಮೈಸೂರಿನ ರಾಕೆಟ್ ಒಂದು ಕಿಲೋಮೀಟರಿಗೂ ಆಚೆ ಹೋಗುತ್ತಿತ್ತು. ನನ್ನ ಅಳತೆಯಲ್ಲಿ ಅದು 14 ಮೀಟರ್. ಹಾಗಾಗಿ ದೊಡ್ಡ ಹಲಗೆಯಲ್ಲಿ ಬಂದು ಬೀಳುತ್ತಿರುವ ರಾಕೆಟ್ಟುಗಳ ಹೊಗೆಯ ಗೆರೆ ಮಾತ್ರ ಇದೆ. ಹಾರಿಸುವವರಿಗೆ ಅಂಗೈ ಅಗಲದ ಬೇರೆ ಹಲಗೆ ಮಾಡಿದೆ. ಮೂವರು ಆಳು, ಒಬ್ಬ ಬತ್ತಿ ಹಚ್ಚುತ್ತಿದ್ದಾನೆ. ಕೊಳವೆಗೆ ಕರೆಂಟು ವೈರಿನೊಳಗಿನ ತಾಮ್ರದ ತಂತಿ, ಮೂರು ಮಿಲಿಮೀಟರಿಗೆ ತುಂಡು ಮಾಡಿದ್ದು. ನಾಲ್ಕಡಿ ಬಿದಿರಿಗೆ ಹುಲ್ಲು ಪೊರಕೆಯ ಎಳೆ, 17 ಮಿಲಿಮೀಟರ್. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯಿಂದ ಸಾವಿರದಷ್ಟು ರಾಕೆಟ್ ಕೊಳವೆಗಳು ಸಿಕ್ಕವಲ್ಲ, ಅವುಗಳ ಫೋಟೊ ನೋಡಿ ತುಕ್ಕಿನ ಕೆಳಗಿನ ಆಕಾರ ಹಿಡಿದೆ. ಬಣ್ಣ ಮಾತ್ರ ತುಕ್ಕಿನದಲ್ಲ, ಹೊಸ ಕಬ್ಬಿಣದ ಕಪ್ಪು. 1780ರಲ್ಲಿ ಅವು ಹೊಸವು ತಾನೇ.