ಹನ್ನೊಂದು ದಿನ ಬಾಳಿದ ಹ್ಯಾಟು

ನನ್ನ ಮೊದಲ ಹ್ಯಾಟು ಬಾಳಿದ್ದು ಹನ್ನೊಂದೇ ದಿನ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ 650 ರೂಪಾಯಿ ಕೊಟ್ಟು ತಂದದ್ದು. ಕಪ್ಪು ಬಣ್ಣ, ಎರಡು ಬೆರಳಗಲದ ಅಂಚು, ರಿಬ್ಬನ್ನಿಗೆ ಸಿಕ್ಕಿಸಿದ ಒಂದು ಕೆಂಪು ಗರಿ. ಹನ್ನೊಂದನೆಯ ದಿನ ಸಂಜೆ ಸೌತ್ ಎಂಡ್ ವೃತ್ತದ ಬಳಿ ಮಳೆ ಹಿಡಿಯಿತು. ಬೇಗ ಒಣಗಲಿ ಎಂದು ಒಲೆಯ ಪಕ್ಕದಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅದು ಸುಲಿದ ತೆಂಗಿನಕಾಯಿಗೆ ಹೇಳಿ ಮಾಡಿಸಿದಂತಿತ್ತು.

ಹ್ಯಾಟಿನ ಹುಚ್ಚು ನನಗೆ ಮೊದಲಿನಿಂದ ಇದ್ದದ್ದಲ್ಲ. ನಲವತ್ತೆರಡರ ಹೊತ್ತಿಗೆ ನೆತ್ತಿ ಪೂರ್ತಿ ಬಯಲಾಯಿತು. ಬೆಂಗಳೂರು ತಂಪು ಊರು ಎಂಬ ನಂಬಿಕೆಯಲ್ಲಿ ಹುಟ್ಟಿ ಬೆಳೆದವನು ನಾನು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿನಲ್ಲಿ ಗಾಳಿ ತಣ್ಣಗಿರುತ್ತದೆ, ಆದ್ದರಿಂದಲೇ ಬಿಸಿಲು ಸುಡುತ್ತಿರುವುದು ಗೊತ್ತಾಗುವುದಿಲ್ಲ. ಒಂದು ಮಾರ್ಚ್ ತಿಂಗಳು, ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಗೆಳೆಯರೊಂದಿಗೆ ಹರಟುತ್ತ ಹನ್ನೊಂದು ಗಂಟೆಯವರೆಗೆ ಕುಳಿತೆ. ಮೂರು ದಿನದಲ್ಲಿ ನೆತ್ತಿಯ ಚರ್ಮ ಹಪ್ಪಳದಂತೆ ಎದ್ದಿತು. ಚರ್ಮದ ವೈದ್ಯರು ಒಂದು ಮುಲಾಮು ಬರೆದುಕೊಟ್ಟು, ಇನ್ನು ಮೇಲೆ ತಲೆ ಮುಚ್ಚಿಕೊಂಡು ತಿರುಗಿ ಎಂದರು. ಕ್ರಿಕೆಟ್ ಟೋಪಿ ಸಾಕೇ ಎಂದು ಕೇಳಿದೆ. ಕಿವಿಯ ತುದಿ, ಹಿಂಗತ್ತು ಎರಡೂ ಬಿಸಿಲಿಗೇ ಬಿಟ್ಟಂತಾಗುತ್ತದಲ್ಲ ಎಂದರು. ಸುತ್ತಲೂ ಅಂಚಿರಬೇಕು, ಅಗಲ ಏಳೂವರೆ ಸೆಂಟಿಮೀಟರಾದರೂ ಇರಬೇಕು.

ಹಾಗೆ ಹೇಳಿಸಿಕೊಂಡೂ ನಾನು ಹೋಗಿ ಕೊಂಡದ್ದು ಎರಡು ಬೆರಳಗಲದ್ದನ್ನು! ಅಂಗಡಿಯ ಕನ್ನಡಿಯಲ್ಲಿ ಮುಖ ಚೆನ್ನಾಗಿ ಕಂಡಿತ್ತು, ಅಷ್ಟೇ ಕಾರಣ. ಅದರ ಹೆಸರು ಟ್ರಿಲ್ಬಿ ಎಂದು ಆಮೇಲೆ ತಿಳಿಯಿತು. ಅಂಚು ಅಗಲವಾಗಿದ್ದು, ಗುಮ್ಮಟದ ನೆತ್ತಿಯಲ್ಲಿ ಉದ್ದಕ್ಕೆ ಒಂದು ತಗ್ಗು, ಮುಂದೆ ಎರಡು ಬದಿಯಲ್ಲಿ ಚಿವುಟಿದ ಗುಳಿ ಇದ್ದರೆ ಅದು ಫೆಡೋರಾ. ಅಂಚು ಗಿಡ್ಡವಾಗಿ ಹಿಂದೆ ಮೇಲಕ್ಕೆ ಮಡಚಿದ್ದರೆ ಟ್ರಿಲ್ಬಿ. ನಮ್ಮ ಅಂಗಡಿಗಳಲ್ಲಿ ಎರಡಕ್ಕೂ ಫೆಡೋರಾ ಎಂದೇ ಹೇಳಿ ಮಾರುತ್ತಾರೆ. ಬಿಸಿಲಿಗೆಂದು ಕೊಳ್ಳುವವರು ಟ್ರಿಲ್ಬಿಯನ್ನು ಮುಟ್ಟಬೇಡಿ. ಅದು ಸಂಜೆಯ ಟೋಪಿ.

ಎರಡನೆಯ ತಪ್ಪು ಅಳತೆಯದು. 'ಫ್ರೀ ಸೈಜ್' ಎಂದು ಚೀಟಿ ಅಂಟಿಸಿದ ಹ್ಯಾಟು ಯಾರ ತಲೆಗೂ ಸರಿಯಾಗಿ ಕೂರುವುದಿಲ್ಲ. ಇದನ್ನು ನನಗೆ ಕಲಿಸಿದವರು ಗಾಂಧಿ ಬಜಾರಿನ ನನ್ನ ಹಳೆಯ ದರ್ಜಿ. ತಮ್ಮ ಜೀವಮಾನದಲ್ಲಿ ಒಂದು ಹ್ಯಾಟನ್ನೂ ಹೊಲಿಯದವರು. ಆದರೂ ಟೇಪು ಹಿಡಿದು ಹುಬ್ಬಿನ ಮೇಲೆ ಒಂದೂವರೆ ಬೆರಳು ಬಿಟ್ಟು, ಕಿವಿಗೆ ಒಂದು ಬೆರಳು ಮೇಲೆ, ಹಿಂದೆ ತಲೆಬುರುಡೆ ಉಬ್ಬಿರುವ ಜಾಗದ ಮೇಲೆ ಹಾಯಿಸಿ ಮೂರು ಸಲ ಅಳೆದರು. "ಸ್ವಾಮಿ, ಐವತ್ತೆಂಟೂವರೆ. ಬಿಗಿ ಹಿಡಿಯಬೇಡಿ, ಕಾಲರಿನಂತೆ ಒಂದು ಬೆರಳು ಆಡಬೇಕು" ಎಂದರು. ಪುಸ್ತಕ ಓದಿ ಹೇಳುವವರೂ ಇದಕ್ಕಿಂತ ಹೆಚ್ಚು ಹೇಳಲಾರರು. ಅಳತೆ ಎರಡು ಸಂಖ್ಯೆಗಳ ನಡುವೆ ಬಿದ್ದರೆ ದೊಡ್ಡದನ್ನೇ ಕೊಳ್ಳಿ. ದೊಡ್ಡ ಹ್ಯಾಟಿನ ಒಳಪಟ್ಟಿಯ ಹಿಂದೆ ಪತ್ರಿಕೆಯ ಹಾಳೆಯನ್ನು ಉದ್ದಕ್ಕೆ ಮಡಚಿ ತುರುಕಿದರೆ ಸರಿಹೋಗುತ್ತದೆ, ಅಂಟಿಸುವ ಸ್ಪಂಜಿನ ಪಟ್ಟಿಗಳೂ ಸಿಗುತ್ತವೆ. ಚಿಕ್ಕದಕ್ಕೆ ಇಂಥ ಉಪಾಯವಿಲ್ಲ. ಹಣೆಯ ಮೇಲೆ ಕೆಂಪು ಗೆರೆ ಮೂಡಿಸಿ, ಮಧ್ಯಾಹ್ನದ ಹೊತ್ತಿಗೆ ತಲೆನೋವು ತರುತ್ತದೆ.

ಇಂಟರ್ನೆಟ್ಟಿನಲ್ಲಿ ತರಿಸುವವರಿಗೆ ಇನ್ನೊಂದು ಗುಂಡಿ ಇದೆ. ಸೆಂಟಿಮೀಟರಿನಲ್ಲಿ 58 ಎನ್ನುವುದು ಅಮೆರಿಕದ ಲೆಕ್ಕದಲ್ಲಿ 7¼, ಬ್ರಿಟನ್ನಿನ ಲೆಕ್ಕದಲ್ಲಿ 7⅛. ಚೀಟಿಯ ಮೇಲೆ ಬರೀ 7⅛ ಎಂದಿದ್ದು ಅದು ಅಮೆರಿಕದ್ದಾದರೆ ನಿಮಗೆ ಬರುವುದು 57ರ ಹ್ಯಾಟು. ಹೀಗೆ ಬಂದ ಒಂದು ಹ್ಯಾಟು ಈಗ ನನ್ನ ಭಾವಮೈದುನನ ತಲೆಯ ಮೇಲಿದೆ. ಹುಟ್ಟುಹಬ್ಬಕ್ಕೆ ನೆನಪಿಟ್ಟುಕೊಂಡು ತರಿಸಿಕೊಟ್ಟೆ ಎಂದು ಅವನು ಇಂದಿಗೂ ನಂಬಿದ್ದಾನೆ. ಸೆಂಟಿಮೀಟರಿನಲ್ಲಿ ಬರೆದಿರುವುದನ್ನು ಮಾತ್ರ ನಂಬಿ.

ಮೂರನೆಯದು ಬಟ್ಟೆಯ ಜಾತಿ. ಫೆಲ್ಟ್ ಎಂದರೆ ನೇಯ್ದದ್ದಲ್ಲ, ಎಳೆಗಳನ್ನು ಬಿಸಿ, ನೀರು, ಒತ್ತಡದಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ್ದು. ನಮ್ಮ ಕಂಬಳಿಯನ್ನು ಬಿಸಿನೀರಿನಲ್ಲಿ ಒಗೆದರೆ ಗಿಡ್ಡವಾಗಿ ಗಟ್ಟಿಯಾಗುತ್ತದಲ್ಲ, ಅದೇ ಗುಣ. ಅಗ್ಗದ ಉಣ್ಣೆ ಫೆಲ್ಟು ಮಳೆಯಲ್ಲಿ ಜೋತುಬೀಳುತ್ತದೆ, ಬಿಸಿ ತಗುಲಿದರೆ ಕುಗ್ಗುತ್ತದೆ. ಮೊಲ ಅಥವಾ ಬೀವರ್ ತುಪ್ಪಳದ ಫೆಲ್ಟು ಮಳೆಗೆ ಜಗ್ಗುವುದಿಲ್ಲ, ಹಗುರ, ಮುಟ್ಟಿದರೆ ಬೆಕ್ಕಿನ ಮೈಯಂತೆ, ಬೆಲೆಯೂ ಹಾಗೆಯೇ. ನಮ್ಮದು ಸಸ್ಯಾಹಾರಿ ಮನೆ, ಮೊಲದ ತುಪ್ಪಳ ಒಳಗೆ ತರಲು ಮನಸ್ಸಾಗಲಿಲ್ಲ. "ಹಾಗಾದರೆ ನಿಮ್ಮ ಬೆಲ್ಟು ಯಾವುದರದ್ದು ಅಪ್ಪಾ?" ಎಂದು ಮಗಳು ಕೇಳಿದಳು. ಉತ್ತರ ಹೊಳೆಯಲಿಲ್ಲ. ದಪ್ಪ ಉಣ್ಣೆಯ ಫೆಲ್ಟಿನಲ್ಲೇ ಇನ್ನೊಂದನ್ನು 2,400 ರೂಪಾಯಿಗೆ ತೆಗೆದುಕೊಂಡೆ.

ಆದರೆ ಒಂದೇ ಹ್ಯಾಟು ಕೊಳ್ಳುವುದಾದರೆ ಬೆಂಗಳೂರಿನಲ್ಲಿ ಅದು ಹುಲ್ಲಿನ ಹ್ಯಾಟಾಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಫೆಲ್ಟು ಇಲ್ಲಿ ಹಿತವಾಗುವುದು ನವೆಂಬರಿನಿಂದ ಜನವರಿಯ ಬೆಳಗು ಸಂಜೆಗಳಲ್ಲಿ ಮಾತ್ರ. ಉಳಿದ ತಿಂಗಳು ಬೋಳುತಲೆಯ ಮೇಲೆ ಇಡ್ಲಿ ಬೇಯಿಸಬಹುದು.

ಹುಲ್ಲಿನಲ್ಲಿ ಹೆಸರಾದದ್ದು ಪನಾಮಾ. ಹೆಸರು ಪನಾಮಾ, ಊರು ಈಕ್ವೆಡಾರ್. ಅಲ್ಲಿ ಟೊಕಿಯಾ ಎಂಬ ಗಿಡದ ಎಳೆಯ ಎಲೆಗಳನ್ನು ಸೀಳಿ ಕೈಯಿಂದ ಹೆಣೆಯುತ್ತಾರೆ. ಪನಾಮಾದ ಬಂದರುಗಳ ಮೂಲಕ ಹೊರಗೆ ಹೋಗುತ್ತಿದ್ದುದರಿಂದ ಆ ಹೆಸರು ಅಂಟಿತು. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲುವೆಯ ಕೆಲಸ ನೋಡಲು ಬಂದಾಗ ಇಂಥದ್ದನ್ನು ಧರಿಸಿ ಚಿತ್ರ ತೆಗೆಸಿಕೊಂಡ ಮೇಲಂತೂ ಹೆಸರು ಬದಲಾಗುವ ಮಾತೇ ಇರಲಿಲ್ಲ. 2012ರಲ್ಲಿ ಯುನೆಸ್ಕೊ ಈ ಹೆಣಿಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಚನ್ನಪಟ್ಟಣದ ಬೊಂಬೆಯನ್ನು ದೆಹಲಿ ಬೊಂಬೆ ಎಂದು ಕರೆದರೆ ನಮಗೆ ಹೇಗಾಗುತ್ತದೆ? ಈಕ್ವೆಡಾರಿನವರ ಸಂಕಟ ಅದು.

ನಮ್ಮಲ್ಲಿ ಪನಾಮಾ ಎಂದು ಅಗ್ಗಕ್ಕೆ ಸಿಗುವವುಗಳಲ್ಲಿ ಬಹಳಷ್ಟು ಕಾಗದದ ದಾರದವು. ಗುಮ್ಮಟದ ನೆತ್ತಿಯನ್ನು ಬೆಳಕಿಗೆ ಹಿಡಿದು ನೋಡಿ. ಕೈಹೆಣಿಗೆಯಾದರೆ ನಡುವೆ ಹೆಣಿಗೆ ಶುರುವಾದ ಒಂದು ಪುಟ್ಟ ಹೂವಿನಂಥ ಗುರುತಿದ್ದು, ಅಲ್ಲಿಂದ ಉಂಗುರ ಉಂಗುರವಾಗಿ ಹೊರಗೆ ಹರಡಿರುತ್ತದೆ, ಎಳೆಗಳು ಒಂದೇ ಸಮ ಇರುವುದಿಲ್ಲ. ಎಲ್ಲವೂ ಅಚ್ಚು ಹೊಡೆದಂತೆ ಒಂದೇ ಸಮವಾಗಿದ್ದರೆ ಅನುಮಾನಿಸಿ. ಕಾಗದದ್ದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನನ್ನ ಬಳಿಯೂ 900 ರೂಪಾಯಿಯದೊಂದಿದೆ, ಲಾಲ್‌ಬಾಗಿಗೆ ಅದೇ ಹೋಗುವುದು. ಮೋಡ ಕಂಡರೆ ಮಾತ್ರ ಚೀಲದೊಳಗೆ ಸೇರುತ್ತದೆ.

ಎಷ್ಟು ಅಗಲದ ಅಂಚು ಯಾರಿಗೆ ಒಪ್ಪುತ್ತದೆ ಎಂಬುದಕ್ಕೆ ಸೂತ್ರಗಳನ್ನು ಹೇಳುವವರಿದ್ದಾರೆ. ನನಗೆ ಉಪಯೋಗಕ್ಕೆ ಬಂದದ್ದು ಒಂದೇ: ಮುಖ ಕಾಣುವ ಕನ್ನಡಿಯ ಮುಂದೆ ಆರಿಸಬೇಡಿ, ಪಾದದವರೆಗೆ ಕಾಣುವ ಕನ್ನಡಿ ಇರುವ ಅಂಗಡಿಗೆ ಹೋಗಿ. ಕುಳ್ಳಗಿದ್ದು ಎತ್ತರದ ಗುಮ್ಮಟ ಹಾಕಿದವರು ಮುಖ ನೋಡಿಕೊಂಡು ಕೊಂಡವರೇ. ಮನೆಗೆ ತಂದ ಮೇಲೆ ಗರಿ, ಪಿನ್ನು ಏನಿದ್ದರೂ ಕಿತ್ತುಹಾಕಿ. ರಿಬ್ಬನ್ನಿನ ಗಂಟು ಎಡಗಿವಿಯ ಕಡೆ ಬರಬೇಕು. ನನ್ನ ಮೊದಲ ವಾರದ ಫೋಟೋಗಳಲ್ಲೆಲ್ಲ ಅದು ಬಲಕ್ಕಿದೆ.

ಇನ್ನು ಈ ಊರಿನ ನಿಜವಾದ ತೊಡಕು ಹೆಲ್ಮೆಟ್. ಹೊರಗೆ ಓಡಾಡುವ ಗಂಡಸಿನ ತಲೆ ಇಲ್ಲಿ ಅರ್ಧ ದಿನ ಸ್ಕೂಟರಿನ ಮೇಲಿರುತ್ತದೆ. 2016ರಿಂದ ಹಿಂಬದಿ ಸವಾರರಿಗೂ ವಿನಾಯಿತಿ ಇಲ್ಲ. ಇಂಗ್ಲೆಂಡಿನಲ್ಲಿ 1571ರಲ್ಲಿ, ಆರು ವರ್ಷ ಮೀರಿದ ಸಾಮಾನ್ಯ ಗಂಡಸರೆಲ್ಲ ಭಾನುವಾರ ಉಣ್ಣೆಯ ಟೋಪಿ ಧರಿಸಲೇಬೇಕು, ತಪ್ಪಿದರೆ ದಂಡ ಎಂದು ಕಾನೂನು ಮಾಡಿದ್ದರಂತೆ, ಉಣ್ಣೆಯ ವ್ಯಾಪಾರ ಉಳಿಯಲಿ ಎಂದು. 1597ರಲ್ಲಿ ಅದನ್ನು ಕೈಬಿಟ್ಟರು. ನಮ್ಮ ಕಾನೂನಿನ ಉದ್ದೇಶ ಅದಕ್ಕಿಂತ ಎಷ್ಟೋ ಒಳ್ಳೆಯದು, ದೂರಿಲ್ಲ. ಆದರೆ ಹ್ಯಾಟನ್ನು ಎಲ್ಲಿಡುವುದು? ಸೀಟಿನ ಕೆಳಗಿನ ಡಬ್ಬಿಯಲ್ಲಿ ಇಟ್ಟರೆ ಎಂಜಿನ್ನಿನ ಬಿಸಿ, ಮೇಲಿಂದ ಅದುಮು. ಚೀಲದೊಳಗೆ ಇಟ್ಟರೆ ಊಟದ ಡಬ್ಬಿಯೊಂದಿಗೆ ಜಗಳ. ನಾನು ಕಂಡುಕೊಂಡ ದಾರಿ ಎಂದರೆ ಸ್ಕೂಟರಿನ ದಿನಕ್ಕೆ ಫ್ಲಾಟ್ ಕ್ಯಾಪ್, ಮಡಚಿ ಜೇಬಿಗೆ ಹಾಕಬಹುದು. ಮೆಟ್ರೊ ದಿನಕ್ಕೆ ಅಂಚಿನ ಹ್ಯಾಟು. ಮೆಟ್ರೊದಲ್ಲೂ ರೈಲು ನಿಲ್ದಾಣಕ್ಕೆ ನುಗ್ಗುವಾಗ ಬೀಸುವ ಗಾಳಿಗೆ ಒಂದು ಕೈ ತಲೆಯ ಮೇಲಿರಲಿ. ಹಳಿಯ ಮೇಲೆ ಬಿದ್ದ ಹ್ಯಾಟು ಆ ಕ್ಷಣದಿಂದ ನಿಮ್ಮದಲ್ಲ.

ಜನರ ಮಾತಿಗೆ ಅಂಜುವವರು ತುಂಬ. ಮೊದಲ ದಿನ ಹೊಸಿಲು ದಾಟುವಾಗಲೇ ಹೆಂಡತಿ, "ರೀ, ಇವತ್ತು ಯಾರಿಗೆ ಟೋಪಿ ಹಾಕಲು ಹೊರಟಿರಿ?" ಎಂದಳು. ಆಮೇಲೆ ಇದೇ ಮಾತನ್ನು ಪಕ್ಕದ ಮನೆಯವರು, ಕಚೇರಿಯವರು, ಸೊಪ್ಪಿನವರು, ಬೀಗರು ಎಲ್ಲರೂ ತಾವೇ ಮೊದಲು ಕಂಡುಹಿಡಿದಂತೆ ಹೇಳಿ ನಕ್ಕರು. ನೀವು ಲೆಕ್ಕಪರಿಶೋಧಕರಾಗಿದ್ದರೆ ಸ್ವಲ್ಪ ಹೆಚ್ಚೇ ನಗುತ್ತಾರೆ. ಕೆಳಮನೆಯ ಹಿರಿಯರೊಬ್ಬರು ಮಾತ್ರ, "ಏನು ಸ್ವಾಮಿ, ರೇಸಿಗೆ ಹೊರಟಿರಾ? ಯಾವ ಕುದುರೆ?" ಎಂದು ಗಂಭೀರವಾಗಿ ಕೇಳಿದರು. ಎರಡು ವಾರ ಬಿಡದೆ ಹಾಕಿ. ಮೂರನೆಯ ವಾರ ಹಾಕದೆ ಹೋದರೆ "ಎಲ್ಲಿ ಹ್ಯಾಟು?" ಎಂದು ಅವರೇ ಕೇಳುತ್ತಾರೆ.

ತೆಗೆಯುವುದು ಯಾವಾಗ ಎಂಬುದು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. ಹ್ಯಾಟು ಹುಟ್ಟಿದ ಕಡೆ, ಒಳಗೆ ಬಂದರೆ ಅದನ್ನು ತೆಗೆಯುವುದು ಮರ್ಯಾದೆ. ನಮ್ಮಲ್ಲಿ ಚಪ್ಪಲಿ ಬಿಡುವುದು ಮರ್ಯಾದೆ. ಪೇಟವನ್ನು ಸಭೆಯಲ್ಲಿ ಕಳಚಿದರೆ ಅದು ಅವಮಾನ. ವಿಶ್ವೇಶ್ವರಯ್ಯನವರನ್ನು ಮೈಸೂರು ಪೇಟವಿಲ್ಲದೆ ಕಣ್ಣಿಗೆ ತಂದುಕೊಳ್ಳಲು ಪ್ರಯತ್ನಿಸಿ, ಬರುವುದಿಲ್ಲ. ನಾನು ಹ್ಯಾಟಿಗೆ ಹ್ಯಾಟಿನ ಕಾನೂನು ಎಂದು ಇಟ್ಟುಕೊಂಡಿದ್ದೇನೆ. ಹಾಗಾಗಿ ನೆಂಟರ ಮನೆಗೆ ಹೋದರೆ ಬಾಗಿಲಲ್ಲೇ ಚಪ್ಪಲಿಯೂ ಹೋಯಿತು, ಹ್ಯಾಟೂ ಹೋಯಿತು, ಎರಡು ತುದಿಯಲ್ಲೂ ಬರಿದಾಗಿ ಒಳಗೆ ಹೋಗುತ್ತೇನೆ. ದೇವಸ್ಥಾನಕ್ಕೆ ಹೋಗುವ ದಿನ ಹ್ಯಾಟನ್ನು ಮನೆಯಲ್ಲೇ ಬಿಡುತ್ತೇನೆ. ಚಪ್ಪಲಿ ಕಾಯುವವರ ಬಳಿ ಒಮ್ಮೆ ಕೊಟ್ಟಿದ್ದೆ, ಅವರು ಅದನ್ನು ಚಪ್ಪಲಿಯ ಮೇಲೆಯೇ ಇಟ್ಟಿದ್ದರು.

ದರ್ಶಿನಿಯಲ್ಲಿ ನಿಂತು ತಿನ್ನುವಾಗ ಹ್ಯಾಟು ಮೇಜಿನ ಮೇಲೆ ಬೇಡ. ಸಾಂಬಾರಿನ ಕಲೆ ಹುಲ್ಲಿನಿಂದ ಹೋಗುವುದಿಲ್ಲ, ಅನುಭವದ ಮಾತು. ಬೇರೆಡೆ ಇಡುವಾಗ ಗುಮ್ಮಟ ಕೆಳಗಾಗಿ, ಅಂಚು ಮೇಲಾಗಿ ಇಡಿ. ಇಲ್ಲದಿದ್ದರೆ ಅಂಚಿನ ಬಾಗು ಚಪ್ಪಟೆಯಾಗುತ್ತದೆ. ತೆಗೆಯುವಾಗ ಸಿನಿಮಾದವರಂತೆ ಮುಂದಿನ ಗುಳಿಯನ್ನು ಚಿವುಟಿ ಎತ್ತಬೇಡಿ. ಪನಾಮಾ ಸೀಳುವುದು ಅಲ್ಲಿಯೇ. ಮಾರ್ಚ್, ಏಪ್ರಿಲಿನ ಒಣಹವೆಯಲ್ಲಿ ಹುಲ್ಲು ಇನ್ನೂ ಪೆಡಸಾಗುತ್ತದೆ. ಸ್ನಾನ ಮಾಡಿ ಬಂದ ಮೇಲೆ ಆವಿ ತುಂಬಿದ ಬಚ್ಚಲಿನಲ್ಲಿ ಹತ್ತು ನಿಮಿಷ ನೇತುಹಾಕಿದರೆ ಮೆತ್ತಗಾಗುತ್ತದೆ. ರಾತ್ರಿ ಒಳಪಟ್ಟಿಯನ್ನು ಹೊರಕ್ಕೆ ಮಗುಚಿಡಿ, ಬೆವರು ಆರುತ್ತದೆ. ಫೆಲ್ಟನ್ನು ಮಳೆಗಾಲದಲ್ಲಿ ಬೀರುವಿನಲ್ಲಿ ಮರೆತರೆ ಬೂಷ್ಟು, ಮರೆಯದಿದ್ದರೂ ನುಸಿ, ನುಸಿಗುಳಿಗೆ ಇಡಲೇಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಯಾವ ಹ್ಯಾಟನ್ನೂ ಬಿಡಬೇಡಿ, ಒಳಗಿನ ಚರ್ಮದ ಪಟ್ಟಿ ಕುಗ್ಗಿ ಅಳತೆಯೇ ಬದಲಾಗುತ್ತದೆ.

ಆ ದಪ್ಪ ಫೆಲ್ಟು ಕಳೆದ ವರ್ಷ ಸೆಪ್ಟೆಂಬರಿನ ಮಳೆಗೆ ಸಿಕ್ಕಿತು. ಈ ಸಲ ಒಲೆಯ ಹತ್ತಿರ ಒಯ್ಯಲಿಲ್ಲ. ಕುಗ್ಗದಂತೆ ಏನಾದರೂ ತುರುಕಿ ಒಣಗಿಸಬೇಕೆಂದು ಟೇಪು ಹಿಡಿದು ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ಸುತ್ತಳತೆ ತೆಗೆದೆ. ಸಾರು ಮಾಡುವ ಪಾತ್ರೆ ಸರಿಯಾಗಿ ಐವತ್ತೆಂಟೂವರೆ ಬಂತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಏನೂ ಕೇಳದೆ ಹೋದಳು. ಬೆಳಿಗ್ಗೆ ಹ್ಯಾಟು ಒಣಗಿತ್ತು, ಕುಗ್ಗಿರಲಿಲ್ಲ, ಆದರೆ ಹಾಕಿಕೊಂಡರೆ ಹಣೆ ಮತ್ತು ಹಿಂದಲೆ ಒತ್ತುತ್ತದೆ, ಕಿವಿಯ ಮೇಲೆ ಬೆರಳು ತೂರುವಷ್ಟು ಸಂದು. ಪಾತ್ರೆ ದುಂಡಗಿರುತ್ತದೆ, ತಲೆ ಮೊಟ್ಟೆಯಂತಿರುತ್ತದೆ, ನನ್ನದಂತೂ ಉದ್ದ ಮೊಟ್ಟೆ. ಸುತ್ತಳತೆ ಒಂದೇ ಆದರೂ ಆಕಾರ ಬೇರೆ. ಅಂಗಡಿಯಲ್ಲಿ ಸರಿಯಾದ ಸಂಖ್ಯೆಯ ಹ್ಯಾಟೇ ಕೆಲವರಿಗೆ ಒತ್ತುವುದೂ ಇದರಿಂದಲೇ.

ಇಡ್ಲಿ ಪಾತ್ರೆಯ ಆವಿಗೆ ಒಳಪಟ್ಟಿಯ ಸುತ್ತ ಹಿಡಿದೆ. ಫೆಲ್ಟು ಮೆತ್ತಗಾದ ಕೂಡಲೇ, ಕೊಂಚ ಆರಿಸಿ, ತಲೆಗೆ ಹಾಕಿಕೊಂಡು ಕುಳಿತೆ. ಹ್ಯಾಟಿಗೆ ತಲೆಗಿಂತ ಒಳ್ಳೆಯ ಅಚ್ಚಿಲ್ಲ. ಭಾನುವಾರದ ಪತ್ರಿಕೆ ಪುರವಣಿಯ ಸಮೇತ ಮುಗಿಯುವವರೆಗೆ ತೆಗೆಯುವಂತಿರಲಿಲ್ಲ. ಬನಿಯನ್ನು, ಪಂಚೆ, ತಲೆಯ ಮೇಲೆ ಹೊಗೆಯಾಡುವ ಕಂದು ಫೆಡೋರಾ. ಅಷ್ಟರಲ್ಲಿ ಕೆಳಮನೆಯ ಹಿರಿಯರು ಪತ್ರಿಕೆ ಕೇಳಲು ಬಂದರು. ಒಂದು ಕ್ಷಣ ನೋಡಿ, "ಇವತ್ತು ರೇಸಿಲ್ಲವಲ್ಲ ಸ್ವಾಮಿ" ಎಂದು ಪುರವಣಿ ತೆಗೆದುಕೊಂಡು ಹೋದರು.