ಎಸ್ಸೆಸ್ಸೆಲ್ಸಿ ರಜೆಯಲ್ಲಿ ಇಂಟರ್ನ್‌ಶಿಪ್: ಬಳ್ಳಾರಿಯಲ್ಲಿ ಯಾರನ್ನ ಕೇಳಬೇಕು, ಹೇಗೆ ಕೇಳಬೇಕು

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವುದೇ ತಡ, ಫೋನ್ ಶುರುವಾಗುತ್ತದೆ. "ಅಣ್ಣಾ, ನಮ್ಮ ಹುಡುಗ ಮನೇಲಿ ಸುಮ್ನೆ ಮೊಬೈಲ್ ಒತ್ಕೊಂಡು ಕೂತಾನೆ. ನಿಮ್ಮಲ್ಲಿ ಏನಾದ್ರೂ ಕೆಲಸ ಇದ್ರೆ ಕಲಿಸ್ರಿ." ನಾನು "ನೋಡೋಣ" ಅನ್ನುತ್ತೇನೆ. ಮಾತು ಅಲ್ಲಿಗೇ ಮುಗಿಯುತ್ತದೆ. ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ "ಏನಾದ್ರೂ" ಅಂದರೆ ಅವನಿಗೆ ಕೆಲಸ ಹುಡುಕುವ ಕೆಲಸವೂ ನನ್ನ ತಲೆಗೇ ಬಂತು. ಆರ್ಡರ್ ಇರುವಾಗ ಅಷ್ಟು ಪುರಸೊತ್ತು ಯಾವ ಮಾಲೀಕನಿಗೂ ಇರಲ್ಲ.

ಒಂದು ವರ್ಷ ನಮಗೆ ಮನೆಯಿಂದಲೇ ಜಾಬ್‌ವರ್ಕ್ ಮಾಡಿಕೊಡುವ ಅಕ್ಕನ ಜೊತೆ ಅವರ ಮಗಳು ಬಂದಳು. ಹತ್ತನೇ ಕ್ಲಾಸ್ ಮುಗಿಸಿದ್ದಳು. "ಅಂಕಲ್, ವಾಶಿಂಗ್‌ಗೆ ಹೋಗಿ ಬಂದ ಪ್ಯಾಂಟ್ ಗಿಡ್ಡ ಆಗುತ್ತಂತೆ. ಎಷ್ಟು ಗಿಡ್ಡ ಆಗುತ್ತೆ ಅಂತ ನಾನು ಅಳೆದು ಬರೆದಿಡ್ಲಾ?" ಅಂತ ಕೇಳಿದಳು. ನಾಳೆಯಿಂದಲೇ ಬಾ ಅಂದೆ.

ಯಾಕೆ ಅಷ್ಟು ಬೇಗ ಒಪ್ಪಿದೆ ಅಂದರೆ, ಅದು ನನಗೆ ಬೇಕಾಗಿದ್ದ ಕೆಲಸ. ಡೆನಿಮ್, ಅಂದರೆ ಜೀನ್ಸ್ ಬಟ್ಟೆ, ತೊಳೆದಾಗ ಕುಗ್ಗುತ್ತದೆ. ಒಂದೊಂದು ರೋಲ್ ಒಂದೊಂದು ಥರ. ಸ್ಟ್ರೆಚ್ ಬಟ್ಟೆಯಾದರೆ ಉದ್ದಕ್ಕಿಂತ ಅಗಲದಲ್ಲಿ, ಅಂದರೆ ಸೊಂಟ, ತೊಡೆಯ ಹತ್ತಿರ ಜಾಸ್ತಿ. ಆ ಹುಡುಗಿ ಪ್ರತಿ ರೋಲ್‌ನಿಂದ ಹೊಲಿದ ಕೆಲವು ಪೀಸ್‌ಗಳಿಗೆ ನಂಬರ್ ಬರೆದ ಬಟ್ಟೆ ಚೂರು ಹೊಲಿಸಿದಳು. ಕಾಗದದ ಟ್ಯಾಗ್ ವಾಶಿಂಗ್‌ನಲ್ಲಿ ಉಳಿಯಲ್ಲ ಅನ್ನೋದು ಅವರಮ್ಮನಿಗೆ ಗೊತ್ತಿತ್ತು. ವಾಶಿಂಗ್‌ಗೆ ಹೋಗುವ ಮುಂಚೆ ಸೊಂಟ, ತೊಡೆ, ಒಳಗಾಲಿನ ಉದ್ದ ಅಳೆದಳು. ವಾಪಸ್ ಬಂದ ಮೇಲೆ ಮತ್ತೆ ಅಳೆದಳು. ಒಳಗಾಲು 32 ಇಂಚು ಇದ್ದದ್ದು 31 ಆಗಿದ್ದರೆ ಶೇಕಡಾ 3ಕ್ಕಿಂತ ಸ್ವಲ್ಪ ಜಾಸ್ತಿ ಕುಗ್ಗಿದೆ ಅಂತ ಲೆಕ್ಕ. ಶಾಲೆಯಲ್ಲಿ ಕಲಿತ ಶೇಕಡಾವಾರು ಲೆಕ್ಕವೇ, ಬೇರೆ ಏನೂ ಅಲ್ಲ. ನಮ್ಮ ಕಟಿಂಗ್ ಮಾಸ್ಟರ್ ಮೊದಲೆರಡು ದಿನ ಮುಖ ಸಿಂಡರಿಸಿಕೊಂಡಿದ್ದರು. ಆಮೇಲೆ ಅವರೇ ಆ ನೋಟ್‌ಬುಕ್ ಕೇಳಿ ತರಿಸಿಕೊಂಡು ಬಟ್ಟೆ ಕತ್ತರಿಸುವ ಅಳತೆಯ ಪ್ಯಾಟರ್ನ್‌ಗೆ ಅಷ್ಟಷ್ಟು ಸೇರಿಸಿದರು.

ಹಾಗಾಗಿ ನೀವು ಮೊದಲು ಹುಡುಕಬೇಕಾದ್ದು ಸಣ್ಣದೊಂದು ಕೆಲಸ. ಕಂಪನಿಯ ಹೆಸರು ಆಮೇಲೆ. ಆ ಕೆಲಸ ನಿಮ್ಮ ಓಣಿಯಲ್ಲೇ ಇರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಎಕ್ಸ್‌ಪೈರಿ ದಿನಾಂಕ ಹತ್ತಿರ ಬಂದ ಔಷಧಿಗಳನ್ನು ಪಟ್ಟಿ ಮಾಡಬಹುದು. ಬೀಜ ಗೊಬ್ಬರದ ಅಂಗಡಿಯಲ್ಲಿ ರೈತರು ಏನೇನು ಕೇಳಿ ಸಿಗದೆ ವಾಪಸ್ ಹೋದರು ಅಂತ ಬರೆದಿಡಬಹುದು. ಏಪ್ರಿಲ್, ಮೇ ಮದುವೆ ಸೀಸನ್, ಪ್ರಿಂಟಿಂಗ್ ಪ್ರೆಸ್‌ನವರಿಗೆ ಕಾರ್ಡ್ ಪ್ರೂಫ್ ನೋಡುವವರು ಸಾಲುವುದಿಲ್ಲ. ಕನ್ನಡ ತಪ್ಪಿಲ್ಲದೆ ಬರೆಯುವ ಹುಡುಗರು ಅಲ್ಲಿ ನಿಜಕ್ಕೂ ಬೇಕು. ಅಪ್ಪ, ಅಮ್ಮ, ಮಾವ, ಟ್ಯೂಷನ್ ಮೇಷ್ಟ್ರು ದಿನಾ ಯಾರ ಜೊತೆ ವ್ಯವಹಾರ ಮಾಡುತ್ತಾರೆ ಅಂತ ಒಂದು ಪಟ್ಟಿ ಬರೆಯಿರಿ. ವೆಬ್‌ಸೈಟ್‌ಗಳಲ್ಲಿ ಇರುವುದೆಲ್ಲ ಹೆಚ್ಚಾಗಿ ಡಿಗ್ರಿ, ಎಂಜಿನಿಯರಿಂಗ್ ಓದುವವರಿಗೆ. ನಿಮಗೆ ಈ ಪಟ್ಟಿಯೇ ಗತಿ, ಇದೇ ಒಳ್ಳೆಯದು ಕೂಡ.

ಅಂಗಡಿ, ವ್ಯಾಪಾರ ಇಷ್ಟವಿಲ್ಲ ಅನ್ನುವವರಿಗೆ ಬೇರೆ ದಾರಿಗಳಿವೆ. ಇತಿಹಾಸದ ಹುಚ್ಚಿದ್ದರೆ ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂ ಇದೆ. ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿ ಮಾಡುತ್ತಿದ್ದರು, ಊರಿಗೆ ಹತ್ತಿರವೇ ಇರುವ ಜಾಗ. ರಜೆಯಲ್ಲಿ ಬರುವ ಮಕ್ಕಳಿಗೆ ಕನ್ನಡದಲ್ಲಿ ವಿವರಿಸುತ್ತೇನೆ ಅಂತ ಕೇಳಿ ನೋಡಬಹುದು. ಕಸೂತಿ ಕಡೆ ಒಲವಿದ್ದರೆ ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕೆಲಸ ನೋಡಬಹುದು. ಕೊಪ್ಪಳದವರಿಗೆ ಕಿನ್ನಾಳ ಹತ್ತಿರ. ಹಗುರ ಮರದಲ್ಲಿ ಗೊಂಬೆ ಕೆತ್ತಿ, ಮರದ ಪುಡಿ ಮತ್ತು ಹುಣಸೆ ಬೀಜದ ಅಂಟಿನಿಂದ ಅದಕ್ಕೆ ರೂಪ ಕೊಡುತ್ತಾರೆ. ಒಂದು ಗೊಂಬೆಯ ಎಲ್ಲ ಹಂತಗಳ ಫೋಟೋ ತೆಗೆದು ವಿವರ ಬರೆದುಕೊಡುತ್ತೇನೆ ಅಂದರೆ ಕಲಾವಿದರಿಗೂ ಉಪಯೋಗ. ರಾಯಚೂರಿನವರಿಗೆ ಕೃಷಿ ವಿಶ್ವವಿದ್ಯಾಲಯವಿದೆ, ಸಿರುಗುಪ್ಪದವರಿಗೆ ಕೃಷಿ ಸಂಶೋಧನಾ ಕೇಂದ್ರವಿದೆ. ಇಂಥ ಸರ್ಕಾರಿ ಜಾಗಗಳಿಗೆ ನೀವೊಬ್ಬರೇ ಹೋಗಬೇಡಿ. ಹೆಡ್‌ಮಾಸ್ಟರ್ ಸಹಿ, ಸೀಲು ಇರುವ ಪತ್ರ ಒಯ್ಯಿರಿ. ಆ ಪತ್ರವನ್ನು ಪರೀಕ್ಷೆಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ, ರಜೆ ಬಂದರೆ ಶಾಲೆಯಲ್ಲಿ ಯಾರೂ ಸಿಗಲ್ಲ.

ಎಲ್ಲಿಗೆ ಹೋಗಬಾರದು ಅನ್ನುವುದನ್ನೂ ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹುಡುಗರಿಗೆ ಮೈನ್ಸ್ ಅಂದರೆ ಒಂಥರಾ ಆಸೆ. ಆದರೆ ಬಾಲ ಮತ್ತು ಕಿಶೋರಾವಸ್ಥೆಯ ಕಾರ್ಮಿಕ ಕಾಯ್ದೆ 1986ರದ್ದು, 2016ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಅದರ ಪ್ರಕಾರ 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆಯೇ ಇಲ್ಲ, ಮನೆಯವರ ಕಸುಬಿಗೆ ಶಾಲೆ ಬಿಟ್ಟ ಮೇಲೆ ಕೈಜೋಡಿಸುವಂಥ ಕೆಲವು ವಿನಾಯಿತಿ ಬಿಟ್ಟು. 14ರಿಂದ 18ರವರು ಗಣಿ, ಪಟಾಕಿ ಮದ್ದು, ಅಪಾಯದ ಕಾರ್ಖಾನೆ ಕೆಲಸಕ್ಕೆ ಹೋಗುವಂತಿಲ್ಲ. ಉಳಿದ ಕಡೆಯೂ ಮೂರು ಗಂಟೆಗೊಮ್ಮೆ ವಿರಾಮ ಇರಬೇಕು, ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇರಬಾರದು. ಸಂಬಳ ಇಲ್ಲ, ಬರೀ ಕಲಿಯೋಕೆ ಬಂದಿದ್ದಾರೆ ಅಂತ ಮಾಲೀಕರು ಈ ನಿಯಮ ಮರೆಯಬಾರದು. ಜೀನ್ಸ್‌ನಲ್ಲೂ ನಾನು ಮಕ್ಕಳನ್ನು ವಾಶಿಂಗ್ ಯೂನಿಟ್ ಒಳಗೆ ಬಿಡುವುದಿಲ್ಲ. ಬ್ಲೀಚ್, ಪರ್ಮಾಂಗನೇಟ್ ಥರದ ಕೆಮಿಕಲ್ ಎಲ್ಲ ಅಲ್ಲಿರುತ್ತದೆ. ಕಟಿಂಗ್ ಮಷಿನ್ ಹತ್ತಿರವೂ ಇಲ್ಲ. ಇನ್ನೂ 14 ತುಂಬದವರು ಒಂದು ದಿನ ಅಪ್ಪ ಅಮ್ಮನ ಜೊತೆ ಬಂದು ನೋಡಿ ಹೋಗಲಿ, ಸಾಕು.

ಈಗ ಕೇಳುವ ದಿನ. ಯೂನಿಟ್‌ಗಳಿಗೆ ಶನಿವಾರ ಹೋಗಬೇಡಿ, ಬಟವಾಡೆ ದಿನ ಮಾಲೀಕ ದುಡ್ಡು ಎಣಿಸುತ್ತಾ ಇರುತ್ತಾನೆ. ಹಬ್ಬದ ಮುಂಚಿನ ವಾರವೂ ಬೇಡ. ವಾರದ ಮಧ್ಯೆ, ಊಟ ಆದ ಮೇಲೆ ಹೋಗಿ. ಮನೆಯ ದೊಡ್ಡವರೊಬ್ಬರು ಜೊತೆಗಿರಲಿ, ಆದರೆ ಮಾತು ನಿಮ್ಮದಿರಲಿ. ಅಪ್ಪನೇ ಎಲ್ಲ ಮಾತಾಡಿ ಮಗ ಗೋಡೆ ನೋಡುತ್ತಾ ನಿಂತರೆ ನನಗೆ ಆ ಹುಡುಗ ಮೊದಲ ವಾರವೇ ಬಿಟ್ಟುಹೋಗುತ್ತಾನೆ ಅನ್ನಿಸುತ್ತದೆ. ಕೈಯಲ್ಲಿ ಒಂದು ಕಾಗದ ಇರಲಿ. ಕನ್ನಡದಲ್ಲೇ, ಇಷ್ಟು ಸಾಕು:

"ಮಾನ್ಯರೇ, ನಾನು ಈ ವರ್ಷ ಹತ್ತನೇ ತರಗತಿ ಪರೀಕ್ಷೆ ಬರೆದಿದ್ದೇನೆ. ವಯಸ್ಸು 15. ನಿಮ್ಮ ಪ್ರೆಸ್‌ನಲ್ಲಿ ಮದುವೆ ಕಾರ್ಡ್‌ಗಳ ಪ್ರೂಫ್ ನೋಡುವುದನ್ನು ಕಲಿಯಬೇಕೆಂದಿದ್ದೇನೆ. ಏಪ್ರಿಲ್ ಮೂರನೇ ವಾರದಿಂದ ನಾಲ್ಕು ವಾರ, ದಿನಾ ಬೆಳಿಗ್ಗೆ 9ರಿಂದ 12ರವರೆಗೆ ಬರಬಲ್ಲೆ. ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪಿಂಗ್ ಬರುತ್ತದೆ. ಮನೆಯವರ ಒಪ್ಪಿಗೆ ಸಹಿ ಕೆಳಗಿದೆ."

ಬೆಳಿಗ್ಗೆ ಹೊತ್ತೇ ಕೇಳಿ. ನಮ್ಮ ಮೇ ತಿಂಗಳ ಮಧ್ಯಾಹ್ನ ಬಸ್ ಸ್ಟಾಪ್‌ನಲ್ಲಿ ನಿಲ್ಲೋದು ಯಾರಿಗೂ ಬೇಡ. ಕುರುಗೋಡು, ಕಂಪ್ಲಿ ಕಡೆಯಿಂದ ಬರುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ ಖರ್ಚಿಲ್ಲ, ಆಧಾರ್ ಒಂದಿದ್ದರೆ ಆಯಿತು. ಹುಡುಗರು ಮಾತ್ರ ಬಸ್ ಚಾರ್ಜ್ ಕೊಡುತ್ತೀರಾ ಅಂತ ಮೊದಲ ದಿನವೇ ಕೇಳಿಬಿಡಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ಮಾತ್ರ ಯಾರಿಗೂ ಕೊಡಬೇಡಿ, ಜೆರಾಕ್ಸ್ ಸಾಕು.

ದುಡ್ಡು ಕೊಟ್ಟು ಸೇರುವ ಇಂಟರ್ನ್‌ಶಿಪ್‌ಗಳೂ ಬಂದಿವೆ. ವಾಟ್ಸಾಪ್‌ನಲ್ಲಿ ರಿಜಿಸ್ಟ್ರೇಶನ್ ಫೀ ಕಟ್ಟಿಸಿಕೊಂಡು ಸರ್ಟಿಫಿಕೇಟ್ ಕಳಿಸುತ್ತಾರೆ. ಅದಕ್ಕೆ ಕಾಸು ಹಾಕಬೇಡಿ. ಇನ್ನೊಂದು ಥರದ ಮೋಸ ನಮ್ಮ ಊರಲ್ಲೇ ನಡೆಯುತ್ತದೆ. ನನ್ನ ಅಕ್ಕನ ಮಗನನ್ನು ಒಂದು ಯೂನಿಟ್‌ನವರು ಜೀನ್ಸ್ ಡಿಸೈನ್ ಕಲಿಸುತ್ತೇವೆ ಅಂತ ಕರೆದರು. ರಜೆ ಪೂರ್ತಿ ದಾರ ಕತ್ತರಿಸುವುದಕ್ಕೆ ಕೂರಿಸಿದರು. ದಾರ ಕತ್ತರಿಸುವುದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ಪೀಸ್ ಲೆಕ್ಕದಲ್ಲಿ ಕೂಲಿ ಇದೆ, ಆ ಕೂಲಿ ಉಳಿಸಿಕೊಳ್ಳೋಕೆ ಹುಡುಗನನ್ನ ಕರೆದಿದ್ದರು ಅಷ್ಟೇ. ಅದಕ್ಕೇ ಕಾಗದದಲ್ಲಿ ಕೆಲಸದ ಹೆಸರು ಬರೆಯಿರಿ ಅಂತ ಹೇಳುವುದು. ಎರಡನೇ ವಾರಕ್ಕೂ ಬರೆದ ಕೆಲಸ ಶುರುವಾಗಿಲ್ಲ ಅಂದರೆ "ಅಣ್ಣಾ, ನಾನು ಇದನ್ನ ಕಲಿಯೋಕೆ ಬಂದಿದ್ದೆ ಅಲ್ವಾ?" ಅಂತ ಕೇಳಿ. ಸರಿಯಾದ ಉತ್ತರ ಬರಲಿಲ್ಲವೋ, ಬಿಟ್ಟು ಬನ್ನಿ.

ಸೇರಿದ ಮೇಲೆ ಮೊದಲ ದಿನಗಳಲ್ಲಿ ಬಾಯಿಗಿಂತ ಕಣ್ಣಿಗೆ ಕೆಲಸ ಜಾಸ್ತಿ. ನಮ್ಮಲ್ಲಿ ಟೈಲರ್‌ಗಳು ಕನ್ನಡ, ಉರ್ದು, ತೆಲುಗು ಮೂರೂ ಕಲಸಿ ಮಾತಾಡುತ್ತಾರೆ. ಅರ್ಥವಾಗದ ಪದ ಬಂದರೆ ಬರೆದುಕೊಂಡು ಟೀ ಬ್ರೇಕ್‌ನಲ್ಲಿ ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ. ಫೋಟೋ ತೆಗೆಯುವ ಮುಂಚೆ ಅನುಮತಿ ಕೇಳಿ. ಆರ್ಡರ್ ಕೊಟ್ಟ ಪಾರ್ಟಿಗೆ ಇನ್ನೂ ಕಳಿಸದ ಸ್ಯಾಂಪಲ್ ನಿಮ್ಮ ಸ್ಟೇಟಸ್‌ನಲ್ಲಿ ಕಂಡರೆ ಮಾಲೀಕನಿಗೆ ಬಿ.ಪಿ. ಏರುತ್ತದೆ. ಬರದೇ ಇರುವ ದಿನ ಬೆಳಿಗ್ಗೆಯೇ ಫೋನ್ ಮಾಡಿ.

ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ಸಣ್ಣ ಯೂನಿಟ್‌ಗಳಲ್ಲಿ ಅದರ ಫಾರ್ಮ್ಯಾಟ್ ಇರಲ್ಲ, ಕೊನೆಯ ದಿನ ಕೇಳಿದರೆ ಯಾರಾದರೂ ನೆಟ್‌ನಲ್ಲಿ ಸಿಕ್ಕಿದ್ದನ್ನ ಪ್ರಿಂಟ್ ಹೊಡೆದು ಕೊಡುತ್ತಾರೆ. ಮುಗಿಯಲು ವಾರ ಇರುವಾಗ ನೀವೇ ಬರೆದುಕೊಂಡು ಹೋಗಿ: ಹೆಸರು, ಶಾಲೆ, ಯಾವ ದಿನದಿಂದ ಯಾವ ದಿನದವರೆಗೆ, ಮಾಡಿದ ಕೆಲಸ. "ಉತ್ತಮ ನಡತೆ" ಅನ್ನುವುದಕ್ಕಿಂತ "ಪ್ರತಿ ರೋಲ್‌ನ ಪೀಸ್‌ಗಳನ್ನು ವಾಶಿಂಗ್‌ಗೆ ಮುಂಚೆ ಮತ್ತು ನಂತರ ಅಳೆದು ಪಟ್ಟಿ ಮಾಡಿದ್ದಾರೆ" ಅನ್ನುವ ಸಾಲು ಮುಂದೆ ಡಿಪ್ಲೊಮಾ ಓದುವಾಗ ಇನ್ನೊಂದು ಕಡೆ ಕೇಳೋಕೆ ಜಾಸ್ತಿ ಸಹಾಯ ಮಾಡುತ್ತದೆ. ಯೂನಿಟ್‌ನ ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆಸಿ, ಸಹಿ ಸೀಲು ಹಾಕಿಸಿ, ಒಂದು ಜೆರಾಕ್ಸ್ ಶಾಲೆಗೆ ಕೊಡಿ. ಪಿಯು ಅಡ್ಮಿಶನ್ ಓಡಾಟ ಶುರುವಾಗುವ ಮುಂಚೆ ಇದೆಲ್ಲ ಮುಗಿಸಿಕೊಳ್ಳಿ, ಆಮೇಲೆ ನಿಮಗೂ ಪುರಸೊತ್ತಿರಲ್ಲ, ನಮಗೂ ಇರಲ್ಲ.