ಸಿಲೆಬಸ್ ಹಿಡಿದು ಮ್ಯೂನಿಕ್‌ಗೆ ಅರ್ಜಿ ಹಾಕಿದ ಬಗೆ

ಬೆಂಗಳೂರಿನ ವಿಟಿಯು ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿ, 2024ರ ಅಕ್ಟೋಬರ್‌ನಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ (ಟಿಯುಎಂ) ಇನ್ಫರ್ಮ್ಯಾಟಿಕ್ಸ್ ಸ್ನಾತಕೋತ್ತರ ತರಗತಿಗೆ ಸೇರಿದೆ. ಅರ್ಜಿ ಹಾಕುವ ತಿಂಗಳುಗಳಲ್ಲಿ ಗೆಳೆಯರ ಮಾತೆಲ್ಲ ಸಿಜಿಪಿಎ ಮತ್ತು ಐಇಎಲ್‌ಟಿಎಸ್ ಅಂಕಗಳ ಸುತ್ತಲೇ ತಿರುಗುತ್ತಿತ್ತು. ಅವು ಬೇಕು, ನಿಜ. ಆದರೆ ನನ್ನಿಂದ ಅತಿ ಹೆಚ್ಚು ಶ್ರಮ ಬೇಡಿದ್ದು, ಬಹುಶಃ ನನಗೆ ಪ್ರವೇಶ ದೊರಕಿಸಿಕೊಟ್ಟಿದ್ದು, ನಾವು ಪರೀಕ್ಷೆಯ ಹಿಂದಿನ ವಾರ ಮಾತ್ರ ತೆರೆದು ನೋಡುತ್ತಿದ್ದ ಸಿಲೆಬಸ್.

ಪದವಿಯ ಹೆಸರು ಒಂದೇ ಎಂಬ ಕಾರಣಕ್ಕೆ ಟಿಯುಎಂ ಅರ್ಜಿಯನ್ನು ಒಪ್ಪುವುದಿಲ್ಲ. ತನ್ನ ಸ್ನಾತಕ ಪದವಿಯಲ್ಲಿ ಕಲಿಸುವ ವಿಷಯಗಳ ಎದುರು ನಾವು ಕಲಿತ ವಿಷಯಗಳನ್ನು, ಕ್ರೆಡಿಟ್ ಸಮೇತ, ಒಂದೊಂದಾಗಿ ಹೊಂದಿಸಿ ತೋರಿಸುವ ಕೋಷ್ಟಕವನ್ನು ಅರ್ಜಿದಾರರೇ ತುಂಬಬೇಕು. ವಿಟಿಯು 2018ರ ಸ್ಕೀಮ್‌ನಲ್ಲಿ ನಾಲ್ಕನೇ ಸೆಮಿಸ್ಟರ್‌ನ ಒಂದೇ ಗಣಿತ ಪತ್ರಿಕೆಯೊಳಗೆ ಕಾಂಪ್ಲೆಕ್ಸ್ ಅನಾಲಿಸಿಸ್, ಪ್ರಾಬಬಿಲಿಟಿ ಮತ್ತು ಸ್ಟ್ಯಾಟಿಸ್ಟಿಕ್ಸ್ ಮೂರೂ ಸೇರಿಕೊಂಡಿದ್ದವು. ಅಂಕಪಟ್ಟಿಯ ಒಂದು ಸಾಲನ್ನು ಮಾತ್ರ ನೋಡಿದವರಿಗೆ ನಾನು ಪ್ರಾಬಬಿಲಿಟಿಯನ್ನು ಎಷ್ಟು ಓದಿದ್ದೇನೆಂದು ತಿಳಿಯುವುದಾದರೂ ಹೇಗೆ? ಪ್ರತಿ ಪತ್ರಿಕೆಯೂ ಐದು ಮಾಡ್ಯೂಲ್‌ಗಳಾಗಿ ಹಂಚಿಕೆಯಾಗಿದ್ದದ್ದು ಇಲ್ಲಿ ನೆರವಿಗೆ ಬಂತು. ಯಾವ ಮಾಡ್ಯೂಲ್ ಅವರ ಯಾವ ವಿಷಯಕ್ಕೆ ಸಮ, ಅದಕ್ಕೆ ಎಷ್ಟು ಗಂಟೆಗಳ ಪಾಠವಿತ್ತು ಎಂಬುದನ್ನು ಸಿಲೆಬಸ್ ಪುಟಗಳನ್ನು ಮುಂದಿಟ್ಟುಕೊಂಡು ಬರೆಯುತ್ತ ಹೋದೆ. ಬೇಸರ ಹಿಡಿಸುವ ಕೆಲಸವಾದರೂ ಕನ್ಸಲ್ಟೆನ್ಸಿಗಳಿಗೆ ವಹಿಸುವಂಥದ್ದಲ್ಲ, ಏಕೆಂದರೆ ಆ ತರಗತಿಗಳಲ್ಲಿ ಕುಳಿತವರು ಅವರಲ್ಲ.

ಅಂಕಗಳನ್ನು ಜರ್ಮನ್ ಶ್ರೇಣಿಗೆ ಇಳಿಸುವ ಸೂತ್ರವನ್ನೂ ತಿಳಿದಿರುವುದು ಒಳ್ಳೆಯದು. ಗರಿಷ್ಠ ಅಂಕದಿಂದ ನಮ್ಮ ಅಂಕವನ್ನು ಕಳೆದು, ಅದನ್ನು ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಸಿಜಿಪಿಎ 8.5 ಇದ್ದವರಿಗೆ ಉತ್ತೀರ್ಣ ಅಂಕ 4 ಎಂದು ಹಿಡಿದರೆ 1.75 ಬರುತ್ತದೆ, 5 ಎಂದು ಹಿಡಿದರೆ 1.9, ಇಲ್ಲಿ 1.0 ಅತ್ಯುತ್ತಮ, 4.0 ಕಡೆಯ ಪಾಸು. ಪೈಪೋಟಿ ಹೆಚ್ಚಿರುವ ಕಡೆ ಇಷ್ಟು ಸಣ್ಣ ಅಂತರಕ್ಕೂ ಬೆಲೆಯಿದೆ. ಆದ್ದರಿಂದ ಶ್ರೇಣಿ ಪದ್ಧತಿಯನ್ನು ವಿವರಿಸುವ ವಿಶ್ವವಿದ್ಯಾಲಯದ ಅಧಿಕೃತ ಪುಟವನ್ನು ಅರ್ಜಿಯೊಂದಿಗೆ ಸೇರಿಸಿದೆ.

ಉಳಿದ ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ, ನಮ್ಮ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ. ಅದು ಕೈಸೇರುವುದು ತಡವಾಗಬಹುದೆಂದು ಎಲ್ಲಕ್ಕಿಂತ ಮೊದಲು ಅದಕ್ಕೇ ಅರ್ಜಿ ಹಾಕಿದೆ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟ್‌ನಲ್ಲಿ (ಖರ್ಚಿನ ಹಣವನ್ನು ಮೊದಲೇ ಇಟ್ಟು, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆ) ಇಡಬೇಕಾದ ವಾರ್ಷಿಕ ಮೊತ್ತ ನಾನು ಹೊರಟಾಗ 11,208 ಯೂರೋ ಇತ್ತು, 2024ರ ಸೆಪ್ಟೆಂಬರ್‌ನಿಂದ 11,904ಕ್ಕೆ ಏರಿತು. ಜರ್ಮನಿಯಲ್ಲಿ ಓದು ಉಚಿತವೆಂಬ ಮಾತನ್ನು ನಂಬಿ ಲೆಕ್ಕ ಹಾಕುವವರು ಇನ್ನೊಂದನ್ನು ಗಮನಿಸಬೇಕು: 2024-25ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹೊಸದಾಗಿ ಸೇರುವವರಿಗೆ ಟಿಯುಎಂ ಶುಲ್ಕ ವಿಧಿಸುತ್ತಿದೆ, ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಅದು ಸೆಮಿಸ್ಟರ್‌ಗೆ ಸಾಮಾನ್ಯವಾಗಿ 4,000ದಿಂದ 6,000 ಯೂರೋ. ನಮ್ಮ ಮನೆಯಲ್ಲಿ ಬ್ಯಾಂಕಿನ ಶಿಕ್ಷಣ ಸಾಲದ ಮಾತು ಶುರುವಾದದ್ದೇ ಈ ಕಾರಣಕ್ಕೆ. ಪಾಠಗಳನ್ನು ಇಂಗ್ಲಿಷಿನಲ್ಲೇ ಓದಬಹುದಾದರೂ ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಕಲಿತ ಅಷ್ಟಿಷ್ಟು ಜರ್ಮನ್, ಬಾಡಿಗೆ ಮನೆ ಹುಡುಕುವಾಗ ಬಹಳ ಉಪಯೋಗಕ್ಕೆ ಬಂತು.

ಓದಿನ ರೀತಿ ಮಾತ್ರ ಬೇರೆಯೇ. ವಿಟಿಯುನಲ್ಲಿ 85 ಶೇಕಡಾ ಹಾಜರಾತಿ, 40 ಅಂಕಗಳ ಆಂತರಿಕ ಮೌಲ್ಯಮಾಪನ, ಅಸೈನ್‌ಮೆಂಟ್‌ಗಳು ನಮ್ಮನ್ನು ಸೆಮಿಸ್ಟರ್ ಉದ್ದಕ್ಕೂ ಹೇಗೋ ಎಳೆದುಕೊಂಡು ಹೋಗುತ್ತಿದ್ದವು. ಇಲ್ಲಿ ನಾನು ತೆಗೆದುಕೊಂಡ ಹೆಚ್ಚಿನ ವಿಷಯಗಳಲ್ಲಿ ಉಪನ್ಯಾಸಕ್ಕೆ ಬಂದಿರೋ ಇಲ್ಲವೋ ಎಂದು ಕೇಳುವವರಿಲ್ಲ. ಕೊನೆಯ ಒಂದು ಪರೀಕ್ಷೆಯೇ ಪೂರ್ತಿ ಫಲಿತಾಂಶವನ್ನು ತೀರ್ಮಾನಿಸುತ್ತದೆ. ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ದುಡಿಮೆ, ಸೆಮಿಸ್ಟರ್‌ಗೆ 30 ಕ್ರೆಡಿಟ್. ಅಂದರೆ 900 ಗಂಟೆ, ಅದರ ಬಹುಭಾಗ ತರಗತಿಯ ಹೊರಗೆ. ಉಪನ್ಯಾಸದ ಜೊತೆಗೆ ನಡೆಯುವ ಅಭ್ಯಾಸ ತರಗತಿಗಳಲ್ಲಿ ವಾರವಾರದ ಲೆಕ್ಕಗಳನ್ನು ಬಿಡಿಸುತ್ತಾರೆ, ಮತ್ತು ಪರೀಕ್ಷೆಯ ಪ್ರಶ್ನೆಗಳ ಧಾಟಿ ತಿಳಿಯುವುದು ಅಲ್ಲಿಯೇ. ಸೆಮಿನಾರ್ ಮತ್ತು ಪ್ರಾಯೋಗಿಕ ಕೋರ್ಸ್‌ಗಳಿಗೆ ಬಯಸಿದ ಕೂಡಲೇ ಸೀಟು ಸಿಗುವುದಿಲ್ಲ. ವಿದ್ಯಾರ್ಥಿಗಳೂ ಬೋಧಕರೂ ಕೊಟ್ಟ ಆದ್ಯತೆಗಳನ್ನು ತಾಳೆ ಹಾಕಿ ಹಂಚುತ್ತಾರೆ. ಹೀಗಾಗಿ ಆಸಕ್ತಿಯನ್ನು ಪುರಾವೆ ಸಮೇತ ವಿವರಿಸುವ ಕೆಲಸ ಪ್ರವೇಶದೊಂದಿಗೆ ಮುಗಿಯಲಿಲ್ಲ. ಗಾರ್ಖಿಂಗ್ ಕ್ಯಾಂಪಸ್‌ಗೆ ಹೋಗುವ ಯು6 ರೈಲಿನಲ್ಲಿ ಕುಳಿತು ಅಂಥ ಎಷ್ಟೋ ಟಿಪ್ಪಣಿಗಳನ್ನು ಬರೆದಿದ್ದೇನೆ.

ಫಲಿತಾಂಶದ ನಂತರ ತಿದ್ದಿದ ಉತ್ತರಪತ್ರಿಕೆಯನ್ನು ನೋಡಲು ಅವಕಾಶವಿರುತ್ತದೆ. ವಿಟಿಯುನಲ್ಲಿ ಉತ್ತರಪತ್ರಿಕೆಯ ಪ್ರತಿಗೆ ಹಣ ಕಟ್ಟಬೇಕಿದ್ದರಿಂದ, ಅಂಕ ಹೆಚ್ಚುವ ಆಸೆಯಿದ್ದವರು ಮಾತ್ರ ಆ ಗೋಜಿಗೆ ಹೋಗುತ್ತಿದ್ದರು. ಇಲ್ಲಿ ಪಾಸಾದ ವಿಷಯಗಳ ಪತ್ರಿಕೆಗಳನ್ನೂ ಹೋಗಿ ನೋಡುತ್ತೇನೆ. ಉತ್ತರ ಸರಿಯಿದ್ದರೂ ಅದನ್ನು ಸಾಧಿಸಿ ತೋರಿಸುವ ತರ್ಕದ ಯಾವ ಹಂತವನ್ನು ಬಿಟ್ಟಿದ್ದಕ್ಕೆ ಅಂಕ ಹೋಯಿತೆಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಅದೇ ವಿಭಾಗದ ಮುಂದಿನ ಪರೀಕ್ಷೆಗೆ ಬರೆಯುವ ರೀತಿಯನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತೇನೆ.